ಕಾವಲಿನ ವಿದ್ಯೆ

ಮಕ್ಕಳನ್ನು ಯಾವ ಓದಿಗೆ ಹಾಕಬೇಕೆಂಬ ಪ್ರಶ್ನೆಯು ನಮ್ಮ ಕಾಲದ ಮನೆಗಳಲ್ಲಿ ಹೆಚ್ಚು ದಿವಸ ನಿಲ್ಲುತ್ತಿರಲಿಲ್ಲ. ನಮ್ಮ ತಂದೆಯವರು ಒಂದು ಸಂಜೆ ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು, “ಲೆಕ್ಕ ನಿನಗೆ ಒಲಿದಿದೆ, ಬಿ.ಕಾಂ. ಓದು” ಎಂದರು. ನಾನು ಓದಿದೆನು. ಅದರ ಫಲವಾಗಿ ಮೂವತ್ತಮೂರು ವರ್ಷ ತಿಪಟೂರಿನ ಕಡೆಯ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆದು, ಒಂದು ಪೈಸೆಯ ತಪ್ಪೂ ಇಲ್ಲದೆ ನಿವೃತ್ತನಾದೆನು. ಆದರೆ 2025ರ ಬೇಸಗೆಯಲ್ಲಿ ಮೊಮ್ಮಗಳ ಓದಿನ ಪ್ರಶ್ನೆಯು ಮನೆಗೆ ಬಂದು, ಒಂದು ತಿಂಗಳ ಕಾಲ ನಮ್ಮೆಲ್ಲರ ಊಟ ನಿದ್ರೆಗಳನ್ನು ಕೆಡಿಸಿತು. ಆ ಸಂಗತಿಯನ್ನು ಬರೆದರೆ ಮಕ್ಕಳನ್ನು ಓದಿಸುವ ಇತರ ಮನೆಯವರಿಗೆ ಉಪಯೋಗವಾದೀತೆಂಬ ಆಸೆಯಿಂದ ಬರೆಯುತ್ತಿರುವೆನೇ ಹೊರತು, ನನ್ನ ಜಾಣತನವನ್ನು ತೋರಿಸುವುದಕ್ಕಲ್ಲ. ನನ್ನ ಜಾಣತನವೆಷ್ಟೆಂಬುದು ಮುಂದಿನ ಮಾತಿನಿಂದಲೇ ಓದುಗರಿಗೆ ತಿಳಿಯುವುದು.

2024ರ ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ನನ್ನ ಫೋನಿನ ತೆರೆಯ ಮೇಲೆ ಪೊಲೀಸ್ ಉಡುಪಿನವನೊಬ್ಬನು ಕಾಣಿಸಿಕೊಂಡನು. ನನ್ನ ಹೆಸರಿನ ಪಾರ್ಸೆಲ್ಲೊಂದರಲ್ಲಿ ಮಾದಕ ವಸ್ತು ಸಿಕ್ಕಿದೆಯೆಂದೂ, ನನ್ನನ್ನು ‘ಡಿಜಿಟಲ್ ಅರೆಸ್ಟ್’ ಮಾಡಲಾಗಿದೆಯೆಂದೂ, ಫೋನನ್ನು ಮುಚ್ಚದೆ ಕೋಣೆಯಲ್ಲಿಯೇ ಇರಬೇಕೆಂದೂ, ಯಾರಿಗಾದರೂ ತಿಳಿಸಿದರೆ ಮಗನಿಗೂ ತೊಂದರೆಯೆಂದೂ ಗದರಿಸಿದನು. ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಅಂತಹ ದಸ್ತಗಿರಿಯೇ ಇಲ್ಲ. ಅದು ನನಗೆ ಆಗ ತಿಳಿದಿರಲಿಲ್ಲ. ಎರಡು ದಿವಸ ಬಾಗಿಲು ಹಾಕಿಕೊಂಡು ಕುಳಿತು, ‘ಪರಿಶೀಲನೆಗಾಗಿ’ ಎಂದು ಅವನು ಹೇಳಿದ ಖಾತೆಗಳಿಗೆ ಆರು ಲಕ್ಷ ರೂಪಾಯಿಗಳನ್ನು ಕಳುಹಿಸಿದೆನು. ಮೂರನೆಯ ದಿವಸ ನನ್ನ ಮುಖವನ್ನು ನೋಡಿ ಸಂಶಯಪಟ್ಟವಳು ಮೊಮ್ಮಗಳು ಪುಟ್ಟಿ. ಅವಳೇ 1930ಕ್ಕೆ ಫೋನು ಮಾಡಿ ದೂರು ಬರೆಯಿಸಿದಳು. ಮೊದಲ ಗಂಟೆಗಳಲ್ಲಿಯೇ ತಿಳಿಸಿದ್ದರೆ ಹೆಚ್ಚು ಹಣವನ್ನು ತಡೆಹಿಡಿಯಬಹುದಾಗಿತ್ತಂತೆ. ಅಷ್ಟು ಹೊತ್ತಿಗೆ ಅರವತ್ತು ಸಾವಿರ ಮಾತ್ರ ಉಳಿದಿತ್ತು.

ಆ ಹಣವು ಪುಟ್ಟಿಯ ಓದಿಗೆಂದು ಕೂಡಿಟ್ಟದ್ದು. ಮನೆಯಲ್ಲಿ ಒಬ್ಬರೂ ನನ್ನನ್ನು ಒಂದು ಬಿರುಸು ಮಾತು ಆಡಲಿಲ್ಲ; ಆಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆಗ ಎರಡನೆಯ ಪಿ.ಯು.ಸಿ.ಯಲ್ಲಿದ್ದ ಹುಡುಗಿಯು ಆ ರಾತ್ರಿ ನನ್ನ ಪಕ್ಕದಲ್ಲಿ ಕುಳಿತು, “ತಾತ, ನಾನು ಸೈಬರ್ ಸೆಕ್ಯುರಿಟಿಯನ್ನೇ ಕಲಿಯುತ್ತೇನೆ” ಎಂದಳು.

2025ರ ಮೇ ತಿಂಗಳ ಕೊನೆಗೆ ಸಿ.ಇ.ಟಿ. ಫಲಿತಾಂಶ ಬಂದಿತು. ಪುಟ್ಟಿಯ ರ‍್ಯಾಂಕು ತೀರ ಮೇಲಿನದೂ ಅಲ್ಲ, ಕೆಳಗಿನದೂ ಅಲ್ಲ. ನಮ್ಮ ಮುಂದೆ ಮೂರು ದಾರಿಗಳಿದ್ದುವು. ಮೊದಲನೆಯದು, ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ‘ಸೈಬರ್ ಸೆಕ್ಯುರಿಟಿ’ ಎಂದೇ ಹೆಸರಿರುವ ಬಿ.ಇ.; ಆದರೆ ಅದು ಆಡಳಿತ ಮಂಡಳಿಯ ಸೀಟು, ವರ್ಷಕ್ಕೆ ಲಕ್ಷಗಟ್ಟಲೆ ಶುಲ್ಕ. ಎರಡನೆಯದು, ಹಾಸನದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸಿನ ಬಿ.ಇ. ಮೂರನೆಯದು, ಊರಿನಲ್ಲಿಯೇ ಮನೆಯಿಂದ ಹೋಗಿಬಂದು ಓದಬಹುದಾದ ಮೂರು ವರ್ಷದ ಬಿ.ಸಿ.ಎ.

ನಾನು ಮನಸ್ಸಿನಲ್ಲಿಯೇ ಮೊದಲನೆಯದನ್ನು ನಿಶ್ಚಯಿಸಿಬಿಟ್ಟೆನು. ಹುಡುಗಿ ಬಯಸಿದ ವಿದ್ಯೆಯ ಹೆಸರು ಬೇರೆ ಎರಡರಲ್ಲಿ ಇಲ್ಲವಷ್ಟೆ! ಕಳೆದ ಹಣವನ್ನು ತುಂಬಿಕೊಡಬೇಕಾದವನು ನಾನು. ಯಾರಿಗೂ ಹೇಳದೆ, ನಮ್ಮ ತಂದೆಯವರು ನೆಟ್ಟ ತೆಂಗಿನ ತೋಟದಲ್ಲಿ ಅರ್ಧವನ್ನು ಮಾರಲು ಒಬ್ಬರೊಡನೆ ಮಾತನ್ನೂ ಆಡಿದೆನು.

ಹೀಗಿರಲು ಒಂದು ಭಾನುವಾರ ನನ್ನ ಹಳೆಯ ಗೆಳೆಯರ ಮಗನು ಮನೆಗೆ ಬಂದನು. ಅವನು ಬೆಂಗಳೂರಿನಲ್ಲಿ ಒಂದು ಬ್ಯಾಂಕಿನ ಕಂಪ್ಯೂಟರುಗಳಿಗೆ ಕಾವಲಿರುವ ಉದ್ಯೋಗದಲ್ಲಿದ್ದಾನೆ. ಕಾಫಿಯಾದ ಮೇಲೆ ನಾನು ಸೀಟಿನ ವಿಷಯವೆತ್ತಿದೆನು. ಅವನು ಪುಟ್ಟಿಯ ಕಡೆಗೆ ತಿರುಗಿ, “ಯಾವ ಕಾವಲು ಮಾಡಬೇಕೆಂದಿದ್ದೀಯಮ್ಮ?” ಎಂದು ಕೇಳಿದನು. ಅವಳಿಗೆ ಅರ್ಥವಾಗಲಿಲ್ಲ, ನನಗಂತೂ ಆಗಲೇ ಇಲ್ಲ.

ಅವನು ವಿವರಿಸಿದ್ದು ಹೀಗೆ: ಈ ಉದ್ಯೋಗವು ಒಂದಲ್ಲ, ಹಲವು. ಹಗಲಿರುಳು ಪಾಳಿಯ ಮೇಲೆ ಕುಳಿತು, ಜಾಲದಲ್ಲಿ ಬಂದು ಹೋಗುವುದನ್ನು ನೋಡುತ್ತ, ಅಸಹಜವಾದುದನ್ನು ಗುರುತಿಸುವವರು ಕೆಲವರು. ಒಡೆಯನ ಲಿಖಿತ ಅನುಮತಿ ಪಡೆದು, ಕಳ್ಳನು ಹೇಗೆ ನುಗ್ಗಬಹುದೆಂಬುದನ್ನು ತಾವೇ ನುಗ್ಗಿ ಪರೀಕ್ಷಿಸುವವರು ಕೆಲವರು. ಅಪರಾಧವಾದ ಮೇಲೆ ಯಂತ್ರದಲ್ಲಿ ಉಳಿದ ಗುರುತುಗಳನ್ನು ನ್ಯಾಯಾಲಯವು ಒಪ್ಪುವಂತೆ ತೆಗೆದಿಡುವವರು ಇನ್ನು ಕೆಲವರು. ಈ ಕೆಲಸಕ್ಕೆ ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾನಿಲಯದಲ್ಲಿ ಪಾಠಗಳಿವೆ, ಅದರ ಶಾಖೆಯೊಂದು ಧಾರವಾಡದಲ್ಲಿಯೂ ಇದೆ. ಸಂಸ್ಥೆಗಳು ನಿಯಮದಂತೆ ನಡೆಯುತ್ತಿವೆಯೇ ಎಂದು ತಪಾಸಣೆ ಮಾಡುವವರು ಬೇರೆ. ಅವರಲ್ಲಿ ಲೆಕ್ಕಶಾಸ್ತ್ರ ಓದಿದವರೂ ಉಂಟು. “ಹಾಗಾದರೆ ನನಗೂ ಒಂದು ಕೆಲಸವಿದೆಯೆನ್ನು” ಎಂದೆನು. ಆರು ಲಕ್ಷ ಹೋದ ಮೇಲೆ ಮನೆಯವರೆಲ್ಲ ಕೂಡಿ ನಕ್ಕದ್ದು ಅಂದೇ ಮೊದಲು.

“ಇನ್ನು ಗುಪ್ತಲಿಪಿಯನ್ನು ಕಟ್ಟುವವರಿದ್ದಾರೆ” ಎಂದು ಅವನು ಮುಂದುವರಿಸಿದನು. “ಅವರಿಗೆ ಗಣಿತವೇ ಪ್ರಾಣ. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್ಮನ್ ಎಂಬ ಮೂವರು ರಚಿಸಿದ ಕ್ರಮವು ಒಂದು ಸರಳ ಸಂಗತಿಯ ಮೇಲೆ ನಿಂತಿದೆ: ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಬಂದ ಗುಣಲಬ್ಧದಿಂದ ಆ ಎರಡನ್ನು ಮತ್ತೆ ಹುಡುಕುವುದು ಬಹಳ ಕಷ್ಟ. ಒಂದು ಸಂಖ್ಯೆಯು ಅವಿಭಾಜ್ಯವೇ ಎಂಬುದನ್ನು ತಪ್ಪಿಲ್ಲದೆ, ಹೆಚ್ಚು ಹೊತ್ತು ಹಿಡಿಯದಂತೆ ನಿರ್ಣಯಿಸುವ ಕ್ರಮವನ್ನು 2002ರಲ್ಲಿ ಕಾನ್ಪುರದ ಐ.ಐ.ಟಿ.ಯಲ್ಲಿ ಮಣೀಂದ್ರ ಅಗರವಾಲರು ತಮ್ಮ ಇಬ್ಬರು ಶಿಷ್ಯರಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅವರೊಡನೆ ಕಂಡುಹಿಡಿದರು. ಆ ಶಿಷ್ಯರಿಬ್ಬರೂ ಆಗತಾನೆ ಬಿ.ಟೆಕ್. ಮುಗಿಸಿದ್ದ ಹುಡುಗರು.”

ನಮ್ಮ ಮನೆಯಾಕೆಗೆ ಬೇರೊಂದು ಚಿಂತೆಯಿದ್ದಿತು. “ಹೆಣ್ಣುಮಗು ರಾತ್ರಿಯೆಲ್ಲ ಯಂತ್ರದ ಮುಂದೆ ಕುಳಿತು ಯಾರಿಗೇನು ಉಪಕಾರವಪ್ಪ?” ಎಂದಳು. ಅವನು, 2022ರ ನವೆಂಬರಿನಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಕಂಪ್ಯೂಟರುಗಳನ್ನು ದುಷ್ಕರ್ಮಿಗಳು ಬಂಧಿಸಿಟ್ಟುದರಿಂದ, ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ರೋಗಿಗಳ ಹೆಸರು, ಪರೀಕ್ಷೆಯ ಫಲಿತಾಂಶ ಎಲ್ಲವನ್ನೂ ಹಲವು ದಿವಸ ಕಾಗದದ ಮೇಲೆ ಬರೆಯಬೇಕಾಯಿತೆಂದು ತಿಳಿಸಿದನು. “ಹಾಗಿದ್ದರೆ ಇದೂ ಕಾಯಿಲೆಯವರನ್ನು ನೋಡಿಕೊಳ್ಳುವ ಕೆಲಸವೇ ಆಯಿತಲ್ಲ” ಎಂದು ಆಕೆ ಎಲೆ ಅಡಿಕೆಯ ತಟ್ಟೆಯನ್ನು ಅವನ ಕಡೆಗೆ ಸರಿಸಿದಳು. ಅವಳ ಒಪ್ಪಿಗೆ ದೊರೆತಿತೆಂದು ನಮಗೆ ತಿಳಿಯಿತು.

ಬಳಿಕ ಮುಖ್ಯವಾದ ಪ್ರಶ್ನೆ. ಯಾವ ಡಿಗ್ರಿ?

“ದೊಡ್ಡಪ್ಪ, ಮನೆಯನ್ನು ಕಾಯುವವನಿಗೆ ಮನೆ ಕಟ್ಟಿರುವ ಬಗೆ ಗೊತ್ತಿರಬೇಕು” ಎಂದು ಅವನು ಎರಡೂ ಕೋರ್ಸುಗಳ ಪಠ್ಯಕ್ರಮಗಳನ್ನು ತೆಗೆಯಿಸಿ ಅಕ್ಕಪಕ್ಕದಲ್ಲಿಟ್ಟನು. “ಯಂತ್ರದೊಳಗಿನ ರಚನೆ, ಆಪರೇಟಿಂಗ್ ಸಿಸ್ಟಂ, ನೆಟ್‌ವರ್ಕ್, ಡೇಟಾಬೇಸ್, ಪ್ರೋಗ್ರಾಮಿಂಗ್, ಇವುಗಳ ಜೊತೆಗೆ ಗಣಿತ. ಇವಿಷ್ಟು ಅಡಿಪಾಯ. ಇವು ಗಟ್ಟಿಯಾಗಿ ಇರುವಲ್ಲಿ ಫಲಕದ ಮೇಲೆ ಯಾವ ಹೆಸರಿದ್ದರೂ ಚಿಂತೆಯಿಲ್ಲ. ಇವನ್ನು ಮೊಟಕುಮಾಡಿ, ಇಂದಿನ ಉಪಕರಣಗಳ ಹೆಸರುಗಳನ್ನು ಬಾಯಿಪಾಠ ಮಾಡಿಸುವಲ್ಲಿ ಎಷ್ಟು ಚೆಂದದ ಹೆಸರಿದ್ದರೂ ಪ್ರಯೋಜನವಿಲ್ಲ. ಉಪಕರಣಗಳು ಐದು ವರ್ಷಕ್ಕೆ ಹಳೆಯವಾಗುತ್ತವೆ.” ನಾವು ಬೆರಳಿಟ್ಟು ಎಣಿಸಿ ನೋಡಿದೆವು. ಮೊದಲ ಎರಡು ವರ್ಷಗಳ ಪಾಠಗಳು ಎರಡರಲ್ಲಿಯೂ ಬಹುಮಟ್ಟಿಗೆ ಒಂದೇ. ವ್ಯತ್ಯಾಸವಿದ್ದದ್ದು ಕೊನೆಯ ಎರಡು ವರ್ಷಗಳ ಕೆಲವು ವಿಷಯಗಳಲ್ಲಿ; ಅವುಗಳಲ್ಲಿ ಒಂದೆರಡನ್ನು ಹಾಸನದಲ್ಲಿಯೂ ಐಚ್ಛಿಕವಾಗಿ ಆರಿಸಿಕೊಳ್ಳಬಹುದಾಗಿತ್ತು. ಉಳಿದುದನ್ನು ಮುಂದೆ ಎಂ.ಟೆಕ್.ನಲ್ಲಿ ಓದಬಹುದು, ಗೇಟ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸೇರಿದವರಿಗೆ ಅಲ್ಲಿ ವಿದ್ಯಾರ್ಥಿವೇತನವೂ ಉಂಟು.

ಬಿ.ಸಿ.ಎ.ಯನ್ನೂ ಅವನು ಹಗುರಾಗಿ ಕಾಣಲಿಲ್ಲ. ಮನೆಯ ಸ್ಥಿತಿಗೆ ಅದೇ ಸರಿಯಾದರೆ ಅದನ್ನೇ ಓದಿ, ಎರಡು ವರ್ಷದ ಎಂ.ಸಿ.ಎ. ಮಾಡಿ ಮೇಲೆ ಬಂದವರು ತನ್ನ ಜೊತೆಯಲ್ಲಿಯೇ ಇದ್ದಾರೆಂದನು. ಆದರೆ ಅಲ್ಲಿ ಗಣಿತವನ್ನು ತಾನಾಗಿ ಕೇಳಿ ಕಲಿಯಬೇಕೆಂದೂ, ಕೆಲವು ಹುದ್ದೆಗಳಿಗೆ ಬಾಗಿಲಲ್ಲಿಯೇ ಬಿ.ಇ. ಕೇಳುವರೆಂಬುದನ್ನು ಮೊದಲೇ ತಿಳಿದಿರಬೇಕೆಂದೂ ಹೇಳಿದನು. ಪುಟ್ಟಿಗೆ ಒಂದು ಎಚ್ಚರಿಕೆಯನ್ನೂ ಕೊಟ್ಟನು: ಕಲಿಯುವ ಆತುರದಲ್ಲಿ ಪರರ ಯಂತ್ರದೊಳಗೆ ಅನುಮತಿಯಿಲ್ಲದೆ ಇಣುಕಿದರೆ, 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯಂತೆ ಮೂರು ವರ್ಷಗಳವರೆಗೆ ಸೆರೆ, ಐದು ಲಕ್ಷದವರೆಗೆ ದಂಡ. ಅಭ್ಯಾಸವೆಲ್ಲ ತನ್ನ ಯಂತ್ರದ ಮೇಲೆ, ಇಲ್ಲವೆ ಅದಕ್ಕಾಗಿಯೇ ಬಿಟ್ಟಿರುವ ಯಂತ್ರಗಳ ಮೇಲೆ.

ನನಗೆ ಇನ್ನೂ ಸಮಾಧಾನವಾಗಲಿಲ್ಲ. “ಏನೇ ಹೇಳು, ಆ ವಿದ್ಯೆಯ ಹೆಸರಿನ ಡಿಗ್ರಿ ಇದ್ದರೆ ಒಂದು ಬೆಲೆಯಲ್ಲವೆ?” ಎಂದೆನು.

ಅದಕ್ಕೆ ಅವನು ಒಂದು ನಿಜವಾದ ಸಂಗತಿಯನ್ನು ಹೇಳಿದನು. 1986ರಲ್ಲಿ ಅಮೆರಿಕದ ಬರ್ಕ್ಲಿಯ ಪ್ರಯೋಗಶಾಲೆಯೊಂದರಲ್ಲಿ ಕಂಪ್ಯೂಟರುಗಳ ಮೇಲ್ವಿಚಾರಣೆಗೆ ಕ್ಲಿಫರ್ಡ್ ಸ್ಟೋಲ್ ಎಂಬವರು ಸೇರಿದರು. ಅವರು ಓದಿದ್ದು ಖಗೋಳಶಾಸ್ತ್ರ. ಯಂತ್ರವನ್ನು ಬಳಸಿದ ಹೊತ್ತಿಗೆ ತಕ್ಕಂತೆ ಹಣ ವಸೂಲು ಮಾಡುವ ಅಲ್ಲಿನ ಲೆಕ್ಕದಲ್ಲಿ ಎಪ್ಪತ್ತೈದು ಸೆಂಟುಗಳ ವ್ಯತ್ಯಾಸ ಬಂದಿತು. ಅಂದರೆ ಒಂದು ಡಾಲರಿನ ಮುಕ್ಕಾಲು ಭಾಗ. ಹೋಗಲಿ ಬಿಡು ಎನ್ನದೆ ಅವರು ಅದರ ಹಿಂದೆ ಬಿದ್ದರು. ಯಾರೋ ಅಪರಿಚಿತನು ಯಂತ್ರದೊಳಗೆ ಬಂದು ಹೋಗುತ್ತಿರುವುದು ಕಂಡಿತು. ತಿಂಗಳುಗಟ್ಟಲೆ ಅವನ ಒಂದೊಂದು ಹೆಜ್ಜೆಯನ್ನೂ ದಾಖಲೆ ಮಾಡಿದರು. ಅವನನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳುವುದಕ್ಕಾಗಿ ಸುಳ್ಳು ಕಡತಗಳನ್ನು ಬರೆದಿಟ್ಟರು. ಕೊನೆಗೆ ಆ ಜಾಡು ಜರ್ಮನಿಯ ಹ್ಯಾನೋವರ್ ಪಟ್ಟಣದ ಒಬ್ಬ ತರುಣನಲ್ಲಿಗೆ ಹೋಯಿತು. ಅವನು ಅಮೆರಿಕದ ಸೈನ್ಯದ ಕಂಪ್ಯೂಟರುಗಳನ್ನು ಹೊಕ್ಕು, ದೊರೆತುದನ್ನು ರಷ್ಯದ ಬೇಹುಗಾರರಿಗೆ ಮಾರುತ್ತಿದ್ದನು.

ನಾನು ಸುಮ್ಮನಾದೆನು. ನಮ್ಮ ಸಂಘದಲ್ಲಿ ಒಂದು ರೂಪಾಯಿ ಹೊಂದದಿದ್ದರೆ ರಾತ್ರಿ ಹತ್ತು ಗಂಟೆಯವರೆಗೂ ಕುಳಿತು ಹುಡುಕುತ್ತಿದ್ದೆನು. ಮೇಲಿನವರು ತಮ್ಮ ಜೇಬಿನಿಂದ ಒಂದು ರೂಪಾಯಿ ಹಾಕಿ ಮನೆಗೆ ಹೋಗೆಂದರೂ ಹೋಗುತ್ತಿರಲಿಲ್ಲ. ಹಾಗಿದ್ದ ನಾನು ಆರು ಲಕ್ಷವನ್ನು ಏಕೆ ಕಳುಹಿಸಿದೆನು? ಭಯವಿತ್ತು, ಆತುರವಿತ್ತು. ಕುಳಿತು ನೋಡಲು ನನಗೆ ಹೊತ್ತನ್ನೇ ಕೊಡಲಿಲ್ಲ.

ಮರುದಿವಸವೇ ಇದಕ್ಕೆ ಸಾಕ್ಷಿ ದೊರೆಯಿತು. ಖಾಸಗಿ ಕಾಲೇಜಿಗೆ ಸೀಟು ಮಾಡಿಸಿಕೊಡುವ ದಲ್ಲಾಳಿಯು ಫೋನು ಮಾಡಿದನು. ಮೂರೇ ಸೀಟುಗಳು ಉಳಿದಿವೆಯೆಂದೂ, ಸಂಜೆಯೊಳಗೆ ಮುಂಗಡ ಕಳುಹಿಸದಿದ್ದರೆ ಅವೂ ಹೋಗುವುವೆಂದೂ, “ಮನೆಯಲ್ಲಿ ಎಲ್ಲರನ್ನೂ ಕೇಳುತ್ತ ಕೂತರೆ ಕೆಲಸ ಕೆಡುತ್ತದೆ ಯಜಮಾನರೇ” ಎಂದೂ ಹೇಳಿದನು. ನನ್ನ ಕೈ ತಣ್ಣಗಾಯಿತು. ಅವನು ಕಳ್ಳನೆಂದು ನಾನು ಹೇಳಲಾರೆ. ಸೀಟು ನಿಜವಾಗಿಯೇ ಇದ್ದಿರಬಹುದು. ಆದರೆ ಆ ಧ್ವನಿಯ ಧಾಟಿಯನ್ನು ನಾನು ಹಿಂದೆ ಒಂದು ಸಲ ಕೇಳಿದ್ದೆನು. ಫೋನನ್ನು ಇಟ್ಟು, ಎಲ್ಲರನ್ನೂ ನಡುಮನೆಗೆ ಕರೆದು, ತೋಟದ ಮಾತನ್ನೂ ಸೇರಿಸಿ ಇದ್ದುದೆಲ್ಲವನ್ನೂ ಹೇಳಿಬಿಟ್ಟೆನು.

ಮಗನು ತಲೆ ತಗ್ಗಿಸಿಕೊಂಡನು. ಪುಟ್ಟಿಯು ನನ್ನ ಬಳಿಗೆ ಬಂದು, “ತಾತ, ಹೋದ ದುಡ್ಡಿಗೆ ಪ್ರಾಯಶ್ಚಿತ್ತವೆಂದು ನೀವು ತೋಟ ಮಾರಿದರೆ, ನಾನು ನಾಲ್ಕು ವರ್ಷವೂ ಅದನ್ನು ಹೊತ್ತುಕೊಂಡೇ ಓದಬೇಕಾಗುತ್ತದೆ. ನನಗೆ ಹಾಸನ ಸಾಕು. ಅಲ್ಲಿ ಸಿಗದೆ ಇರುವುದನ್ನು ಆಮೇಲೆ ಕಲಿಯುತ್ತೇನೆ” ಎಂದಳು. ಹದಿನೆಂಟು ವರ್ಷದ ಹುಡುಗಿಯ ಮಾತಿಗೆ ಅರವತ್ತೆಂಟರ ಮುದುಕನಲ್ಲಿ ಉತ್ತರವಿರಲಿಲ್ಲ.

ಮಕ್ಕಳನ್ನು ಇದೇ ದಾರಿಗೆ ಕಳುಹಿಸಬೇಕೆಂದಿರುವ ತಾಯಿತಂದೆಗಳಲ್ಲಿ ನನ್ನ ಬಿನ್ನಹವಿಷ್ಟೆ. ಕಾಲೇಜಿನ ಫಲಕವನ್ನು ಓದುವ ಮೊದಲು ಪಠ್ಯಕ್ರಮವನ್ನು ಓದಿರಿ. ಪ್ರಯೋಗಶಾಲೆಯು ಸಂಜೆಯ ಮೇಲೆಯೂ ತೆರೆದಿರುವುದೇ, ಪಾಠ ಹೇಳುವವರು ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂದು ಅಲ್ಲಿಯ ವಿದ್ಯಾರ್ಥಿಗಳನ್ನೇ ಕೇಳಿರಿ. ಮಗುವಿಗೆ ಯಾವ ಬಗೆಯ ಕಾವಲು ಒಗ್ಗುವುದೆಂದು ಅದರೊಡನೆ ಕುಳಿತು ಮಾತಾಡಿರಿ. ಈ ಹೊತ್ತೇ ಹಣ ಕಟ್ಟೆಂದು ಯಾರಾದರೂ ಅವಸರಪಡಿಸಿದರೆ, ಅಂದು ಕಟ್ಟಬೇಡಿರಿ.

ಪುಟ್ಟಿಯು ಹಾಸನಕ್ಕೆ ಹೊರಡುವ ದಿವಸ ನಾನು ಅವಳಿಗೆ ಒಂದು ಲೆಕ್ಕದ ಪುಸ್ತಕವನ್ನು ಕೊಟ್ಟು, ಜಮಾ ಖರ್ಚು ಬರೆಯುವ ಕ್ರಮವನ್ನು ತೋರಿಸಿದೆನು. ತಿಂಗಳ ಕೊನೆಗೆ ರಾತ್ರಿ ಒಂಬತ್ತರ ಮೇಲೆ ಅವಳಿಂದ ಫೋನು ಬಂದಿತು. ಏನೋ ಆಗಿದೆಯೆಂದು ಮನೆಯವರೆಲ್ಲ ಗಾಬರಿಯಿಂದ ಎದ್ದರು.

“ತಾತ, ಏಳು ರೂಪಾಯಿ ಹೊಂದುತ್ತಿಲ್ಲ” ಎಂದಳು.

“ಬಿಡು ಮಗು, ಏಳು ರೂಪಾಯಿ ತಾನೆ” ಎಂದು ಅವಳ ಅಜ್ಜಿಯು ಪಕ್ಕದಿಂದ ಕೂಗಿದಳು. ನಾನು ಕನ್ನಡಕ ಹಾಕಿಕೊಂಡು ಕುಳಿತು, “ಒಂದನೆಯ ತಾರೀಖಿನಿಂದ ಓದು” ಎಂದೆನು.