ಈ ವರ್ಷ ನಮ್ಮದೇ ಎನ್ನುವವರು

ಆಟ ನೋಡುವವರ ಮಾತಿಗೆ ಅದರದೇ ಆದ ಒಂದು ವ್ಯಾಕರಣವಿದೆ. ತಂಡ ಗೆದ್ದರೆ 'ನಾವು ಗೆದ್ದೆವು' ಎನ್ನುತ್ತಾರೆ. ಸೋತರೆ 'ಅವರು ಸೋತರು' ಎನ್ನುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇದನ್ನೇ ತೋರಿಸಿಕೊಟ್ಟಿದ್ದರು. ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಗೆದ್ದ ನಂತರದ ಸೋಮವಾರ ವಿದ್ಯಾರ್ಥಿಗಳು ಅದರ ಹೆಸರಿರುವ ಅಂಗಿಯನ್ನು ಹೆಚ್ಚಾಗಿ ತೊಟ್ಟು ಬರುತ್ತಿದ್ದರಂತೆ. ಗೆದ್ದ ಪಂದ್ಯದ ಬಗ್ಗೆ ಕೇಳಿದರೆ 'ನಾವು' ಎಂಬ ಪದ ಅವರ ಬಾಯಲ್ಲಿ ಹೆಚ್ಚು ಬರುತ್ತಿತ್ತು. ಗೆಲುವು ಸ್ವಂತದ್ದು, ಸೋಲು ಪರರದ್ದು.

ಮನುಷ್ಯ ಸ್ವಭಾವವೇ ಹೀಗೆ ಎಂದು ಸುಮ್ಮನಾಗಬಹುದಿತ್ತು. ಆದರೆ ಸೋತಾಗಲೂ 'ನಾವು' ಎನ್ನುವವರಿದ್ದಾರೆ. ಅಂಥವರಲ್ಲೊಬ್ಬ ನಮ್ಮ ಮನೆಯಲ್ಲೇ ಇದ್ದಾನೆ, ಅಕ್ಕನ ಮಗ. ನಾವು ಮೊದಲು ಉರ್ದು ಶಾಲೆಯಲ್ಲಿ ಕಲಿತವರು. ಉರ್ದುವಿನಲ್ಲಿ 'ಹಮ್' ಎಂದರೆ ಹಲವರೂ ಹೌದು, ಮಾತಾಡುತ್ತಿರುವ ಒಬ್ಬರೂ ಹೌದು. ಕನ್ನಡದಲ್ಲಿ ಬರೆಯತೊಡಗಿದ ಮೇಲೂ ಆ ರೂಢಿ ನಮ್ಮನ್ನು ಬಿಟ್ಟಿಲ್ಲ. ಅದಕ್ಕೇ ಇರಬೇಕು, ಬೇರೆಯವರು 'ನಾವು' ಎಂದಾಗ ಅದರೊಳಗೆ ಯಾರು ಯಾರು ಇದ್ದಾರೆ ಎಂದು ನಮ್ಮ ಮನಸ್ಸು ಲೆಕ್ಕ ಹಾಕುತ್ತದೆ.

ಅಕ್ಕನ ಮಗ 2014ರಲ್ಲಿ ಎಂ.ಎಸ್. ಓದಲು ಫಿಲಡೆಲ್ಫಿಯಾಕ್ಕೆ ಹೋದ. ಹೋಗುವಾಗ ಅವನಿಗೆ ಬಾಸ್ಕೆಟ್‌ಬಾಲ್ ಬಗ್ಗೆ ಗೊತ್ತಿದ್ದುದು ನಮ್ಮೂರಿನ ಹೈಸ್ಕೂಲು ಮೈದಾನದಷ್ಟೇ. ಅಲ್ಲಿ ಎರಡು ಕಂಬಗಳಿದ್ದವು, ರಿಂಗ್ ಮಾತ್ರ ಒಂದಕ್ಕೇ ಇತ್ತು. ಆ ಊರಿನ ವೃತ್ತಿಪರ ತಂಡದ ಹೆಸರು ಸೆವೆಂಟಿ ಸಿಕ್ಸರ್ಸ್. 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಬಿದ್ದದ್ದು ಅಲ್ಲೇ ಆದ್ದರಿಂದ ಆ ಹೆಸರು. ಅವನು ಅಭಿಮಾನಿಯಾದ ಕಾರಣ ಕೇಳಿದರೆ ನಗು ಬರುತ್ತದೆ. ತಂಡ ಸತತವಾಗಿ ಸೋಲುತ್ತಿತ್ತು, ಆದ್ದರಿಂದ ಟಿಕೆಟ್ ಅಗ್ಗವಾಗಿತ್ತು. ಹೊರಗೆ ಹಿಮ, ಬಾಡಿಗೆ ಕೋಣೆಯಲ್ಲಿ ಹೀಟರ್ ಸರಿಯಿಲ್ಲ. ಬ್ರಾಡ್ ಸ್ಟ್ರೀಟ್ ಮೆಟ್ರೊ ಹತ್ತಿ ದಕ್ಷಿಣದ ತುದಿಗೆ ಹೋದರೆ ಎರಡೂವರೆ ಗಂಟೆ ಬೆಚ್ಚಗೆ ಕೂರಬಹುದಿತ್ತು.

ಆ ಸೋಲಿನ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಅದು ಆಟಗಾರರು ಕೈಲಾಗದೆ ಸೋತ ಸೋಲಲ್ಲ, ಆಡಳಿತದವರು ಬೇಕೆಂದೇ ಬರಮಾಡಿಕೊಂಡ ಸೋಲು. ಅಮೆರಿಕದ ಎನ್‌ಬಿಎ ಲೀಗಿನಲ್ಲಿ 30 ತಂಡಗಳಿವೆ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಪ್ರತಿ ತಂಡ 82 ಪಂದ್ಯ ಆಡುತ್ತದೆ. ವರ್ಷಕ್ಕೊಮ್ಮೆ ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಬಲಹೀನ ತಂಡ ಬಲಗೊಳ್ಳಲಿ ಎಂದು, ಕೆಳಗಿರುವ ತಂಡಗಳಿಗೆ ಮೊದಲು ಆರಿಸುವ ಅವಕಾಶ ಹೆಚ್ಚು. ಸರದಿ ಲಾಟರಿಯಿಂದ ತೀರ್ಮಾನವಾಗುತ್ತದೆ. ಆಗಿನ ನಿಯಮದಂತೆ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಮೊದಲ ಸರದಿ ಸಿಗುವ ಸಾಧ್ಯತೆ ಶೇಕಡಾ 25ರಷ್ಟಿತ್ತು. ಸದುದ್ದೇಶದ ನಿಯಮವೇ. ಆದರೆ ಅದರೊಳಗೆ, ಸೋತಷ್ಟೂ ಲಾಭ ಎಂಬ ಒಂದು ಸಂದು ಇತ್ತು.

2013ರಲ್ಲಿ ತಂಡದ ಜನರಲ್ ಮ್ಯಾನೇಜರ್ ಆಗಿ ಬಂದ ಸ್ಯಾಮ್ ಹಿಂಕಿ ಆ ಸಂದಿನಲ್ಲೇ ನುಗ್ಗಿದರು. ಇದ್ದ ಒಳ್ಳೆಯ ಆಟಗಾರರನ್ನು ಬಿಟ್ಟುಕೊಟ್ಟು ಮುಂದಿನ ವರ್ಷಗಳ ಸರದಿಗಳನ್ನು ಕೂಡಿಟ್ಟುಕೊಂಡರು. ಮೊದಲ ವರ್ಷ ತಂಡ ಗೆದ್ದದ್ದು 19 ಪಂದ್ಯ, ಎರಡನೆಯ ವರ್ಷ 18, ಮೂರನೆಯ ವರ್ಷ 10. ಮೂರು ವರ್ಷಗಳಲ್ಲಿ 47 ಗೆಲುವು, 199 ಸೋಲು. ಒಮ್ಮೆಯಂತೂ ಬೆನ್ನುಬೆನ್ನಿಗೆ 26 ಪಂದ್ಯ ಸೋತರು. ಇದಕ್ಕೆಲ್ಲ 'ಪ್ರೊಸೆಸ್' ಎಂಬ ಹೆಸರು ಬಂತು. 'ಪ್ರೊಸೆಸ್ಸನ್ನು ನಂಬಿ' ಎಂಬ ಮಾತು ಅಭಿಮಾನಿಗಳ ಘೋಷಣೆಯೇ ಆಗಿಹೋಯಿತು. ಹಿಂಕಿ 2016ರ ಏಪ್ರಿಲ್‌ನಲ್ಲಿ 13 ಪುಟಗಳ ಪತ್ರ ಬರೆದಿಟ್ಟು ರಾಜೀನಾಮೆ ಕೊಟ್ಟು ಹೋದರು. ಲೀಗಿನವರು ಲಾಟರಿಯ ನಿಯಮವನ್ನೇ ತಿದ್ದಿದರು. 2019ರ ಡ್ರಾಫ್ಟ್‌ನಿಂದ ಕೊನೆಯ ಮೂರೂ ತಂಡಗಳಿಗೆ ಶೇಕಡಾ 14ರ ಸಮಾನ ಅವಕಾಶ ಎಂದಾಯಿತು.

ಬಡವರಿಗೆ, ದುಡಿಯುವವರಿಗೆ ಈ ಭಾಷೆ ಹೊಸದಲ್ಲ. ಇವತ್ತು ತಡೆದುಕೊಳ್ಳಿ, ನಾಳೆ ಒಳ್ಳೆಯದಾಗುತ್ತದೆ ಎಂದು ಅವರಿಗೆ ಯಾವಾಗಲೂ ಯಾರೋ ಹೇಳುತ್ತಲೇ ಇರುತ್ತಾರೆ. ಹೇಳುವವರ ಸಂಬಳ ಮಾತ್ರ ಇವತ್ತೇ ಬರುತ್ತದೆ. ಟಿಕೆಟ್ ಕೊಂಡವರ ಮುಂದೆ ಬೇಕೆಂದೇ ದುರ್ಬಲ ತಂಡವನ್ನು ನಿಲ್ಲಿಸುವುದು ನ್ಯಾಯವೇ ಎಂದು ಅವನನ್ನು ಒಮ್ಮೆ ಕೇಳಿದ್ದೆವು. 'ನ್ಯಾಯ ಅಲ್ಲ ಖಾಲಾ, ಆದರೆ ಅಲ್ಲಿ ಕೂತವರು ಮ್ಯಾನೇಜರ್‌ಗಾಗಿ ಬಂದವರಲ್ಲ' ಎಂದ. ಅವನು ಮೊದಲ ಸಲ ಆ ತಂಡದ ಬಗ್ಗೆ 'ನಾವು' ಎಂಬ ಮಾತನ್ನು ಕೇಳಿದ್ದು ಮಸೀದಿಯಲ್ಲಂತೆ. ಫಿಲಡೆಲ್ಫಿಯಾದಲ್ಲಿ ಕಪ್ಪು ಜನರ ಮುಸ್ಲಿಂ ಸಮುದಾಯ ದೊಡ್ಡದು, ಹಳೆಯದು. ಜುಮ್ಮಾ ಮುಗಿದ ಮೇಲೆ ಪಕ್ಕದಲ್ಲಿದ್ದ ಒಬ್ಬ ಹಿರಿಯರು ಕೈ ಕುಲುಕಿ, ಊರು ಯಾವುದು ಎಂದು ವಿಚಾರಿಸಿ, 'ಈ ವರ್ಷ ನಮ್ಮದು ಕಷ್ಟ. ಮುಂದಿನ ವರ್ಷ ಇನ್ಷಾ ಅಲ್ಲಾಹ್ ಚೆನ್ನಾಗಿರುತ್ತದೆ' ಎಂದರಂತೆ. ಯಾವುದರ ಬಗ್ಗೆ ಹೇಳುತ್ತಿದ್ದಾರೆಂದು ಇವನಿಗೆ ತಿಳಿಯಲಿಲ್ಲ. ತಿಳಿದಾಗ ಆ 'ನಮ್ಮದು' ಎಂಬುದರಲ್ಲಿ ತಾನೂ ಸೇರಿದ್ದೇನೆ ಎಂಬುದೂ ತಿಳಿಯಿತು. ಹೋದ ಎರಡು ತಿಂಗಳಲ್ಲಿ ಆ ಊರಿನಲ್ಲಿ ಅವನನ್ನು ಯಾರಾದರೂ ಒಳಗೆ ಸೇರಿಸಿಕೊಂಡದ್ದು ಅದೇ ಮೊದಲು.

ಆ ಹಿರಿಯರಿಂದಲೇ ಅವನಿಗೆ ಹಳೆಯ ಕತೆಗಳು ದೊರೆತವು. ಊರಿನ ಮೊದಲ ತಂಡ ವಾರಿಯರ್ಸ್ 1962ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟುಹೋದದ್ದು. ಮರುವರ್ಷ ಸಿರಾಕ್ಯೂಸ್‌ನ ತಂಡವೊಂದು ಇಲ್ಲಿಗೆ ಬಂದು ಸೆವೆಂಟಿ ಸಿಕ್ಸರ್ಸ್ ಆದದ್ದು. 1972–73ರಲ್ಲಿ 82 ಪಂದ್ಯಗಳಲ್ಲಿ ಕೇವಲ 9 ಗೆದ್ದದ್ದು. ನಮಗೆ ಬಹಳ ಹಿಡಿಸಿದ್ದು 1977ರ ಕತೆ. ಆ ವರ್ಷ ಫೈನಲ್‌ನಲ್ಲಿ ಪೋರ್ಟ್‌ಲೆಂಡ್ ಎದುರು ಮೊದಲ ಎರಡು ಪಂದ್ಯ ಗೆದ್ದು, ಆಮೇಲೆ ಸಾಲಾಗಿ ನಾಲ್ಕು ಸೋತರು. ಮುಂದಿನ ಸೀಸನ್ನಿಗೆ ತಂಡ ಇಟ್ಟುಕೊಂಡ ಘೋಷಣೆ, 'ನಿಮಗೆ ನಾವು ಒಂದು ಬಾಕಿ ಇದ್ದೇವೆ.' ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದಲ್ಲಿ ಬರೆದಿಟ್ಟ ಹಾಗೆ! ಆ ಬಾಕಿ ತೀರಲು ಆರು ವರ್ಷ ಬೇಕಾಯಿತು. ನಡುವೆ 1980 ಮತ್ತು 1982ರ ಫೈನಲ್‌ಗಳಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ಎದುರು ಸೋತರು. 1983ರಲ್ಲಿ ಜೂಲಿಯಸ್ ಎರ್ವಿಂಗ್, ಮೋಸೆಸ್ ಮಲೋನ್ ಇದ್ದ ತಂಡ ಅದೇ ಲೇಕರ್ಸನ್ನು ನಾಲ್ಕಕ್ಕೆ ನಾಲ್ಕು ಪಂದ್ಯ ಸೋಲಿಸಿತು. ಬಾಕಿ ಇದೆ ಎಂದು ಒಪ್ಪಿಕೊಂಡವರು ತಡವಾಗಿಯಾದರೂ ತೀರಿಸಿದರು. ಆಮೇಲಿನ ನಾಲ್ಕು ದಶಕಗಳಲ್ಲಿ ಆ ಊರಿಗೆ ಕಪ್ ಬರಲಿಲ್ಲ.

ಅವನ ಕಾಲದ ಕತೆಗಳೆಲ್ಲ ನಮಗೆ ಫೋನಿನಲ್ಲೇ ಗೊತ್ತು. ಚಳಿಗಾಲದಲ್ಲಿ ಅಲ್ಲಿ ಸಂಜೆ ಏಳು ಎಂದರೆ ನಮ್ಮಲ್ಲಿ ಬೆಳಗಿನ ಐದೂವರೆ. ಫಜರ್ ಮುಗಿಸಿ ಚಹಾಕ್ಕೆ ನೀರಿಟ್ಟು, ಬೀದಿಯಲ್ಲಿ ಹಾಲಿನವನ ಸದ್ದು ಕೇಳುವ ಹೊತ್ತಿಗೆ ಅಲ್ಲಿ ಅರ್ಧ ಆಟ ಮುಗಿದಿರುತ್ತದೆ, ಅವನ ಕರೆ ಬರುತ್ತದೆ. ಡ್ರಾಫ್ಟ್‌ನಲ್ಲಿ ಸಿಕ್ಕ ಕ್ಯಾಮರೂನ್ ದೇಶದ ಜೋಯೆಲ್ ಎಂಬೀಡ್ ಕಾಲಿನ ಗಾಯದಿಂದ ಮೊದಲ ಎರಡು ಸೀಸನ್ ಒಂದು ಪಂದ್ಯವನ್ನೂ ಆಡಲಿಲ್ಲ. ಆಡತೊಡಗಿದ ಮೇಲೆ 2023ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನೆನಿಸಿದ. ಆದರೂ ಕಪ್ ಬರಲಿಲ್ಲ.

2019ರ ಮೇ 12ರ ಪಂದ್ಯ ಮರೆಯುವಂತಿಲ್ಲ. ರಂಜಾನ್ ತಿಂಗಳು. ನಾವು ಇಲ್ಲಿ ಸಹರಿ ಮುಗಿಸಿದ್ದೆವು. ಅವನು ಅಲ್ಲಿ ಪಂದ್ಯದ ನಡುವೆ ಖರ್ಜೂರ ಬಾಯಿಗಿಟ್ಟು ರೋಜಾ ಬಿಟ್ಟ. ಟೊರಾಂಟೊ ಎದುರು ಏಳನೆಯ, ನಿರ್ಣಾಯಕ ಪಂದ್ಯ. ಎರಡೂ ತಂಡ 90ರಲ್ಲಿ ಸಮ. ಕೊನೆಯ ಕ್ಷಣದಲ್ಲಿ ಕವಾಯ್ ಲೆನಾರ್ಡ್ ಎಸೆದ ಚೆಂಡು ರಿಂಗಿನ ಮೇಲೆ ನಾಲ್ಕು ಸಲ ಪುಟಿದು ಒಳಗೆ ಬಿತ್ತು. ಫೋನಿನಲ್ಲಿ ಬಹಳ ಹೊತ್ತು ಮಾತಿಲ್ಲ. ಆಮೇಲೆ, 'ನಾವು ಸೋತೆವು ಖಾಲಾ' ಎಂದ. ಚಾಲ್ಡಿನಿಯವರ ಲೆಕ್ಕದ ಪ್ರಕಾರ ಅವನು 'ಅವರು' ಎನ್ನಬೇಕಿತ್ತು.

ಈ 'ನಾವು' ನಮ್ಮ ಅಕ್ಕನನ್ನು ಮಾತ್ರ ಚುಚ್ಚುತ್ತದೆ. 'ನಮ್ಮ ಟೀಮು, ನಮ್ಮ ಊರು ಅಂತಾನೆ. ಅವನ ನಮ್ಮದರಲ್ಲಿ ನಾವಿದ್ದೀವೋ ಇಲ್ಲವೋ ಕೇಳು' ಎಂದು ಒಮ್ಮೆ ನಮ್ಮ ಹತ್ತಿರ ಕಣ್ಣೊರೆಸಿಕೊಂಡರು. ಕೇಳಲು ನಮಗೆ ಬಾಯಿ ಬರಲಿಲ್ಲ. ಏಕೆಂದರೆ ಆ ಊರೂ ಅವನನ್ನು ಪೂರ್ತಿ ನಮ್ಮವನು ಎಂದಿಲ್ಲ. ಅವನು ಅಲ್ಲಿರುವುದು ಕೆಲಸದ ವೀಸಾದ ಮೇಲೆ. ಗ್ರೀನ್ ಕಾರ್ಡಿನಲ್ಲಿ ಒಂದೊಂದು ದೇಶಕ್ಕೆ ವರ್ಷಕ್ಕೆ ಶೇಕಡಾ 7ರ ಮಿತಿ ಇರುವುದರಿಂದ ಭಾರತದಲ್ಲಿ ಹುಟ್ಟಿದವರ ಸಾಲು ದಶಕಗಳಷ್ಟು ಉದ್ದ. ಅವನ ಅರ್ಜಿಯೂ ಆ ಸಾಲಿನಲ್ಲಿದೆ.

ತಂಡದ ಮಾಲೀಕರ 'ನಾವು' ಬೇರೆ, ಊರಿನ 'ನಾವು' ಬೇರೆ ಎಂಬುದೂ ಅವನಿಗೆ ಗೊತ್ತಾಯಿತು. 2022ರಲ್ಲಿ ಮಾಲೀಕರು ಊರ ನಡುವೆ, ಚೈನಾಟೌನಿನ ಅಂಚಿನಲ್ಲಿ, 130 ಕೋಟಿ ಡಾಲರ್ ಖರ್ಚಿನ ಹೊಸ ಕ್ರೀಡಾಂಗಣ ಕಟ್ಟುತ್ತೇವೆ ಎಂದು ಹೊರಟರು. ಚೈನಾಟೌನಿನವರು ಹಿಂದೆ 2000ದಲ್ಲಿ ಬೇಸ್‌ಬಾಲ್ ಕ್ರೀಡಾಂಗಣವನ್ನೂ, 2008ರಲ್ಲಿ ಜೂಜುಕಟ್ಟೆಯನ್ನೂ ಹೋರಾಡಿ ತಡೆದವರು. ಬಾಡಿಗೆ ಏರುತ್ತದೆ, ಸಣ್ಣ ಅಂಗಡಿಗಳು ಮುಚ್ಚುತ್ತವೆ ಎಂದು ಮತ್ತೆ ಬೀದಿಗಿಳಿದರು. ನಮ್ಮ ಹುಡುಗ ಕೊತ್ತಂಬರಿ, ಹಸಿಮೆಣಸಿನಕಾಯಿ ಕೊಳ್ಳುತ್ತಿದ್ದುದು ಅಲ್ಲಿನ ಒಂದು ಅಂಗಡಿಯಲ್ಲಿ. ಅದರ ಬಾಗಿಲಿಗೂ ವಿರೋಧದ ಕಾಗದ ಅಂಟಿಸಿದ್ದರಂತೆ. ಇವನು ತಂಡದ ಅಂಗಿ ತೊಟ್ಟುಕೊಂಡೇ ಒಳಗೆ ಹೋಗಿ ಅವರ ಮನವಿಗೆ ಸಹಿ ಹಾಕಿ ಬಂದ. 2024ರ ಡಿಸೆಂಬರಿನಲ್ಲಿ ನಗರಸಭೆ ಯೋಜನೆಗೆ ಒಪ್ಪಿಗೆ ಕೊಟ್ಟೇಬಿಟ್ಟಿತು. ತಿಂಗಳೂ ತುಂಬಿರಲಿಲ್ಲ, 2025ರ ಜನವರಿಯಲ್ಲಿ ಮಾಲೀಕರೇ ಅದನ್ನು ಕೈಬಿಟ್ಟು ಹಳೆಯ ಜಾಗದಲ್ಲೇ ಇರುತ್ತೇವೆ ಎಂದರು. ವರ್ಷಗಟ್ಟಲೆ ಊರನ್ನು ಎರಡು ಪಾಲು ಮಾಡಿದ ಜಗಳ ಒಂದು ಪ್ರಕಟಣೆಯಲ್ಲಿ ಮುಗಿಯಿತು. ಅದೇ ಸೀಸನ್ನಿನಲ್ಲಿ ತಂಡ 58 ಪಂದ್ಯ ಸೋತಿತು. ಎಂಬೀಡ್ ಆಡಿದ್ದು ಕೇವಲ 19.

ನಮ್ಮ ಕಡೆಯೂ ಇದು ತಿಳಿಯದ ವಿಷಯವಲ್ಲ. ಬೆಂಗಳೂರಿನ ಕ್ರಿಕೆಟ್ ತಂಡಕ್ಕಾಗಿ 'ಈ ಸಲ ಕಪ್ ನಮ್ದೇ' ಎಂದು ವರ್ಷಗಟ್ಟಲೆ ಕೂಗಿದವರ ಮಾತು 2025ರ ಜೂನ್ 3ರಂದು ನಿಜವಾಯಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಸೋತ ವರ್ಷಗಳಲ್ಲೆಲ್ಲ ತಂಡವನ್ನು 'ನಾವು' ಎಂದು ಹೊತ್ತವರಿಗೆ ಗೆದ್ದ ದಿನ ಗೇಟಿನ ಒಳಗೆ ಜಾಗವಿರಲಿಲ್ಲ.

2025ರ ಸೆಪ್ಟೆಂಬರಿನಲ್ಲಿ ಅವನು ಮೂರು ವರ್ಷಗಳ ನಂತರ ಊರಿಗೆ ಬರುವವನಿದ್ದ. ಟಿಕೆಟ್ ಆಗಿತ್ತು. ಅಕ್ಕ ಖಾರದ ಪುಡಿ ಮಾಡಿಸಿ ಡಬ್ಬಕ್ಕೆ ತುಂಬಿದ್ದರು. 19ರಂದು ಅಮೆರಿಕದ ಅಧ್ಯಕ್ಷರು ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕದ ಆದೇಶ ಹೊರಡಿಸಿದರು. ಹೊಸ ಅರ್ಜಿಗಳಿಗೆ ಮಾತ್ರ ಎಂಬ ಸ್ಪಷ್ಟನೆ ಮರುದಿನ ಬಂತಾದರೂ ಅಷ್ಟರಲ್ಲಿ ಎಲ್ಲರ ಎದೆ ನಡುಗಿತ್ತು. ದೇಶ ಬಿಟ್ಟು ಹೊರಗೆ ಹೋಗಬೇಡಿ ಎಂದು ಕಂಪನಿಯವರು ತಿಳಿಸಿದರು. ಅವನು ಟಿಕೆಟ್ ರದ್ದು ಮಾಡಿಸಿದ. ಅಕ್ಕನಿಗೆ ಹೇಳಲು ಧೈರ್ಯ ಸಾಲದೆ ನಮಗೆ ಫೋನ್ ಮಾಡಿದ. ಯಾರಿಗೂ ಹೆಚ್ಚು ಮಾತು ಹೊರಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನೇ, 'ಖಾಲಾ, ಈ ವರ್ಷ ನಮ್ಮ ಟೀಮು ಚೆನ್ನಾಗಿದೆ. ಬಹಾಮಾಸ್‌ನಿಂದ ಒಬ್ಬ ಹುಡುಗ ಬಂದಿದ್ದಾನೆ, ಎಜ್‌ಕೂಂಬ್ ಅಂತ, ಡ್ರಾಫ್ಟ್‌ನಲ್ಲಿ ಮೂರನೆಯವನು. ಮ್ಯಾಕ್ಸಿ ಜೊತೆ ಅವನು ಓಡುವುದನ್ನು ನೋಡಬೇಕು ನೀವು' ಎಂದು ಶುರು ಮಾಡಿದ. ಹತ್ತು ನಿಮಿಷ ಅದೇ ಮಾತು. ನಾವು ತಡೆಯಲಿಲ್ಲ.

ಆ ಹತ್ತು ನಿಮಿಷದ ಬಗ್ಗೆ ಆಮೇಲೆ ಬಹಳ ಯೋಚಿಸಿದ್ದೇವೆ. ಕಷ್ಟದಿಂದ ತಪ್ಪಿಸಿಕೊಳ್ಳುವ ದಾರಿ ಎಂದು ಅದನ್ನು ಹಗುರವಾಗಿ ಕಾಣಬಹುದು. ನಮಗೆ ಹಾಗೆ ಅನ್ನಿಸುವುದಿಲ್ಲ. ಅವನ ಅರ್ಜಿಯ ಸಾಲು ಮುಂದೆ ಸರಿಯುತ್ತಿದೆಯೇ ಎಂದು ಅವನು ಕಣ್ಣಿಂದ ನೋಡಲಾರ, ಅದಕ್ಕೆ ಅಂಕಪಟ್ಟಿಯಿಲ್ಲ, ಕೊನೆಯ ಸೀಟಿಯೂ ಇಲ್ಲ. ಆಟದ ಆಸೆಗಾದರೆ ಒಂದು ತಾರೀಕಿದೆ. ಅಕ್ಟೋಬರಿನಲ್ಲಿ ಹುಟ್ಟುತ್ತದೆ, ಏಪ್ರಿಲ್‌ಗೋ ಜೂನ್‌ಗೋ ಅದರ ತೀರ್ಮಾನ ಆಗಿಹೋಗುತ್ತದೆ. 30 ತಂಡಗಳಲ್ಲಿ 29ರವರಿಗೆ ಪ್ರತಿ ವರ್ಷವೂ ನಿರಾಶೆಯೇ. ಆದರೂ ಮುಂದಿನ ಅಕ್ಟೋಬರಿನಲ್ಲಿ ಎಲ್ಲರ ಪುಸ್ತಕವೂ ಸೊನ್ನೆಯಿಂದಲೇ ಶುರು. ಬದುಕಿನಲ್ಲಿ ಯಾರ ಲೆಕ್ಕವನ್ನೂ ಹಾಗೆ ಅಳಿಸಿ ಮೊದಲಿನಿಂದ ಬರೆಯುವುದಿಲ್ಲ.

ಅಕ್ಟೋಬರ್ 22ರಂದು ಬಾಸ್ಟನ್‌ನಲ್ಲಿ ಆ ಬಹಾಮಾಸ್ ಹುಡುಗ ತನ್ನ ಮೊದಲ ಪಂದ್ಯದಲ್ಲೇ 34 ಅಂಕ ಹೊಡೆದ. ತಂಡ ಒಂದು ಅಂಕದಿಂದ ಗೆದ್ದಿತು. ಫೋನ್ ಬಂದಾಗ, ಒಂದು ಪಂದ್ಯದಿಂದ ಸೀಸನ್ ಆಗುವುದಿಲ್ಲಪ್ಪಾ, ಇನ್ನೂ 81 ಇವೆ ಎಂದೆವು. 'ಗೊತ್ತು ಖಾಲಾ. ಮಸೀದಿಯ ಚಾಚಾನೂ ಅದನ್ನೇ ಹೇಳಿದರು' ಎಂದು ನಕ್ಕ. ಪಕ್ಕದಲ್ಲಿದ್ದ ಅಕ್ಕ ಫೋನ್ ಇಸಿದುಕೊಂಡು, ಏನು ಉಂಡೆ ಎಂದು ಕೇಳಿದ ಮೇಲೆ, 'ನಿಮ್ಮವರು ಗೆದ್ದರಂತೆ?' ಎಂದರು. 'ನಮ್ಮವರು ಅಮ್ಮೀ' ಎಂದು ಅವನು ತಿದ್ದಿದ್ದು ನಮಗೂ ಕೇಳಿಸಿತು.

ಅಕ್ಕ ನಮ್ಮನ್ನು ಕೇಳು ಎಂದಿದ್ದ ಪ್ರಶ್ನೆಗೆ ಅದು ಪೂರ್ತಿ ಉತ್ತರವಲ್ಲ. 'ನಾವು' ಎಂಬ ಪದದೊಳಗೆ ಒಬ್ಬರನ್ನು ಸೇರಿಸಿಕೊಳ್ಳಲು ಮತ್ತೊಬ್ಬರನ್ನು ಹೊರಗೆ ಹಾಕಬೇಕಾಗಿಲ್ಲ ಎಂಬುದಷ್ಟೇ ನಮಗೆ ಅದರಿಂದ ತಿಳಿದದ್ದು. ವೀಸಾ ಕೊಡುವ ಕಚೇರಿಗಳಿಗೆ, ತಂಡ ಕೊಳ್ಳುವ ಮಾರುವ ಮಾಲೀಕರಿಗೆ ಈ ವ್ಯಾಕರಣ ಗೊತ್ತಿರಲಿಕ್ಕಿಲ್ಲ. ಜುಮ್ಮಾ ಮುಗಿಸಿ ಹೊರಡುವಾಗ ಗುರುತಿಲ್ಲದ ಹುಡುಗನೊಬ್ಬನ ಕೈ ಹಿಡಿದು 'ಮುಂದಿನ ವರ್ಷ ನಮ್ಮದು' ಎಂದ ಆ ಹಿರಿಯರಿಗೆ ಅದು ಗೊತ್ತಿತ್ತು. ಆ ಮಾತಿನ ಬಾಕಿ ಯಾವ ವರ್ಷ ತೀರುತ್ತದೋ, ಅಲ್ಲಿಯವರೆಗೆ ಪ್ರತಿ ಅಕ್ಟೋಬರಿನಲ್ಲೂ ಅದನ್ನು ಹೊಸದಾಗಿ ಹೇಳುವವರು ಇದ್ದೇ ಇರುತ್ತಾರೆ.