ಕೌದಿಯ ಸುತ್ತ ಕುಳಿತವರು



ಶರಣರ ಹೆಸರುಗಳನ್ನು ಓದುತ್ತ ಹೋದಂತೆ ಅವರ ಕೈಯಲ್ಲಿದ್ದ ಸಾಮಗ್ರಿಗಳೂ ಕಣ್ಣಿಗೆ ಕಟ್ಟುತ್ತವೆ. ನುಲಿಯ ಚಂದಯ್ಯನವರ ಹಗ್ಗ, ಮೇದಾರ ಕೇತಯ್ಯನವರ ಬಿದಿರು, ಜೇಡರ ದಾಸಿಮಯ್ಯನವರ ಮಗ್ಗ, ಕದಿರ ರೆಮ್ಮವ್ವೆಯವರ ಕದಿರು, ಸೂಜಿಕಾಯಕದ ರಾಮಿತಂದೆಯವರ ಸೂಜಿ. ಆದರೆ ಕಾಯಕವೆಂಬ ಮಾತನ್ನು ನಾವು ವ್ಯಾಖ್ಯಾನಿಸುವಾಗ ದುಡಿಯುವ ಪ್ರಾಯದವರನ್ನೇ ಮನಸ್ಸಿನಲ್ಲಿಟ್ಟುಕೊಳ್ಳುತ್ತೇವೆ. ಮಕ್ಕಳು ದಡ ಸೇರಿ, "ಇನ್ನು ನೀವೇನೂ ಮಾಡಬೇಡಿ, ಸುಮ್ಮನೆ ಕುಳಿತಿರಿ" ಎಂದು ಮನೆಯವರೆಲ್ಲ ಪ್ರೀತಿಯಿಂದಲೇ ಹೇಳುವ ವಯಸ್ಸಿನಲ್ಲಿ ಕಾಯಕವೆಂದರೆ ಯಾವುದು? ಧಾರವಾಡ ಜಿಲ್ಲೆಯ ಹಳ್ಳಿಯೊಂದರಲ್ಲಿರುವ ನನ್ನ ದೊಡ್ಡವ್ವನನ್ನು ಕಂಡ ಮೇಲೆ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ದೊಡ್ಡಪ್ಪನವರು 2016ರಲ್ಲಿ ಲಿಂಗೈಕ್ಯರಾದರು. ಮಕ್ಕಳಿಬ್ಬರಲ್ಲಿ ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಪುಣೆಯಲ್ಲಿ. ಇಬ್ಬರೂ ಕರೆದೊಯ್ದರು, ಮೂರು ತಿಂಗಳೊಳಗೆ ದೊಡ್ಡವ್ವ ಊರಿಗೆ ಮರಳಿದರು. ಊಟಕ್ಕೆ ಕೊರತೆಯಿರಲಿಲ್ಲ, ಔಷಧಕ್ಕೂ ಇರಲಿಲ್ಲ. ಆದರೂ ಒಂದು ಸಂಜೆ, "ನಾ ಇನ್ನ ಯಾರಿಗಿ ಬೇಕಾಗೇನಿ?" ಎಂದು ಕೇಳಿದರು. ಉತ್ತರ ನಿರೀಕ್ಷಿಸಿ ಕೇಳಿದ ಪ್ರಶ್ನೆ ಅದಾಗಿರಲಿಲ್ಲ.

ಪ್ರಾಯದಲ್ಲಿ ಅವರು ಕಸೂತಿಯಲ್ಲಿ ಎತ್ತಿದ ಕೈ. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ನೂಲಿನ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಆನೆಯ ಅಂಬಾರಿಗಳನ್ನು ಎಬ್ಬಿಸಬೇಕು. ಗವಂತಿ ಹೊಲಿಗೆಯಂತೂ ಬಟ್ಟೆಯ ಎರಡೂ ಮಗ್ಗುಲಿಗೆ ಒಂದೇ ರೀತಿ ಕಾಣಬೇಕು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೂ ಎಳೆ ಎಣಿಸುವಷ್ಟು ದೃಷ್ಟಿ ಅವರಿಗೆ ಮರಳಲಿಲ್ಲ. ಸೂಜಿಯ ಡಬ್ಬಿ ಕಪಾಟಿನ ಮೇಲೇರಿತು.

ಅದನ್ನು ಕೆಳಗಿಳಿಸಿದವರು ಎದುರುಮನೆಯ ಅಜ್ಜಿ. ನಲ್ಲಿಯ ನೀರಿನ ವಿಷಯವಾಗಿ ಈ ಎರಡು ಮನೆಗಳ ನಡುವೆ ಹತ್ತು ವರ್ಷಗಳಿಂದ ಮಾತಿರಲಿಲ್ಲ. ಮರಿಮಗು ಹುಟ್ಟಿತ್ತು, ತೊಟ್ಟಿಲಿಗೊಂದು, ಬಾಣಂತಿಗೊಂದು ಕೌದಿ ಆಗಬೇಕಿತ್ತು. ಅವರ ಮನೆಯಲ್ಲಿ ಅದನ್ನು ಹರಡುವಷ್ಟು ಜಾಗವಿರಲಿಲ್ಲ. ದೊಡ್ಡವ್ವನ ಪಡಸಾಲೆ ದೊಡ್ಡದು. ಒಂದು ತೆಕ್ಕೆ ಹಳೆಯ ಸೀರೆಗಳನ್ನು ಹೊತ್ತು ಹೊಸ್ತಿಲ ಬಳಿ ನಿಂತು, "ಜಾಗ ಕೊಡ್ತೀರೇನ್ರಿ?" ಎಂದರಂತೆ.

ಕೌದಿಯನ್ನು ಬಲ್ಲವರಿಗೆ ಇದರ ಅರ್ಥ ಕೂಡಲೇ ಹೊಳೆಯುತ್ತದೆ. ಒಗೆದು ಒಣಗಿಸಿದ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ನೆಲದ ಮೇಲೆ ಹಾಸಬೇಕು. ಸುಕ್ಕು ಬಾರದಂತೆ ನಾಲ್ಕೂ ಕಡೆಯಿಂದ ಎಳೆದು ಹಿಡಿಯಬೇಕು. ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಹೊಲಿಯುತ್ತ ಬರಬೇಕು. ಹೊಲಿಗೆಯೇನೋ ಸಾದಾ: ಸೂಜಿ ಮೇಲೆ ಬಂದು ಕೆಳಗೆ ಹೋದರಾಯಿತು. ಎಳೆ ಎಣಿಸಲಾರದ ಕಣ್ಣಿಗೂ ಅದು ಸಾಧ್ಯ. ಆದರೆ ದೊಡ್ಡ ಕೌದಿಯನ್ನು ಒಬ್ಬರೇ ಹಾಸಿ ಹಿಡಿಯುವುದು ಕಷ್ಟ, ಇನ್ನೊಂದು ಮೂಲೆಗೆ ಇನ್ನೊಬ್ಬರು ಬೇಕು. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ತಮ್ಮ ಕವಂದಿಯ ಮೂಲೆಗಳಿಗೆ 'ಫುಲಾ' ಎಂಬ ಮಡಿಕೆಯ ತುಂಡುಗಳನ್ನು ಹಚ್ಚುತ್ತಾರೆ. ಅದಿಲ್ಲದಿದ್ದರೆ ಕವಂದಿ ಬೆತ್ತಲೆ ಎಂಬುದು ಅವರ ಭಾವನೆ. ನಮ್ಮ ಕಡೆಯ ಕೌದಿಯ ಮೂಲೆಗಳಿಗೆ ಮನುಷ್ಯರು ಕುಳಿತಿರುತ್ತಾರೆ.

ಎದುರುಬದುರು ಕುಳಿತು ಮಾತಾಡೆಂದರೆ ಹತ್ತು ವರ್ಷದ ಮುನಿಸು ಗಂಟಲಿಗೆ ಅಡ್ಡ ಬರುತ್ತದೆ. ಕೌದಿಯ ಮುಂದೆ ಎಲ್ಲರ ಕಣ್ಣೂ ಬಟ್ಟೆಯ ಮೇಲಿರುತ್ತವೆ. "ದಾರ ಕೊಡ್ರಿ", "ಈ ಕಡೆ ಎಳೀರಿ" ಎಂಬಷ್ಟರಿಂದ ಮಾತು ಮೊದಲಾಯಿತು. ನಲ್ಲಿಯ ವಿಷಯ ಇಂದಿನವರೆಗೂ ಇತ್ಯರ್ಥವಾಗಿಲ್ಲ, ಯಾರೂ ಎತ್ತಿಲ್ಲ. ಮುಪ್ಪಿನ ಸ್ನೇಹಕ್ಕೆ ಹಳೆಯ ಲೆಕ್ಕವೆಲ್ಲ ಚುಕ್ತಾ ಆಗಲೇಬೇಕೆಂಬುದು ನಮ್ಮಂತಹ ಕಿರಿಯರ ಕಲ್ಪನೆಯಿರಬೇಕು.

ಆ ಕೌದಿಯ ನಡುವಿನ ಪದರಕ್ಕೆ ಬಟ್ಟೆ ಸಾಲದೆ ಬಂತು. ದೊಡ್ಡವ್ವ ಒಳಗೆ ಹೋಗಿ, ಯಾರಿಗೂ ಮುಟ್ಟಗೊಡದೆ ಟ್ರಂಕಿನಲ್ಲಿಟ್ಟಿದ್ದ ದೊಡ್ಡಪ್ಪನವರ ಎರಡು ಧೋತರಗಳನ್ನು ತಂದು ಹಾಸಿದರು. ಎದುರುಮನೆಯ ಅಜ್ಜಿ ಬೇಡವೆಂದರಂತೆ. "ಇರ್ಲಿ ಬಿಡ್ರಿ, ಕೂಸಿಗಿ ಬೆಚ್ಚಗಿರ್ತದ" ಎಂದಷ್ಟೇ ದೊಡ್ಡವ್ವ ಹೇಳಿದ್ದು. ಈ ಮಾತನ್ನು ನನಗೆ ತಿಳಿಸಿದವರು ಆ ಅಜ್ಜಿಯೇ. ದೊಡ್ಡವ್ವ ಈವರೆಗೆ ಅದರ ಪ್ರಸ್ತಾಪ ಮಾಡಿಲ್ಲ.

2007ರಲ್ಲಿ ನಮ್ಮ ದೇಶದಲ್ಲಿ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ ಕಾಯಿದೆಯೊಂದು ಬಂದಿತು. ಅವಶ್ಯವಾದ ಕಾಯಿದೆಯೇ. ನೋಡಿಕೊಳ್ಳದ ಮಕ್ಕಳಿಂದ ಅದು ಜೀವನಾಂಶ ಕೊಡಿಸೀತು. ಕೌದಿಯ ಇನ್ನೊಂದು ಮೂಲೆಗೆ ಒಬ್ಬರನ್ನು ಕೂಡಿಸಲು ಅದರಿಂದಾಗದು. ಹಿರಿಯರಿಗೆಂದು ನಡೆಯುವ ಹವ್ಯಾಸ ಶಿಬಿರಗಳನ್ನೂ ಕಂಡಿದ್ದೇನೆ. ಕಾಗದದ ಹೂವು ಮಾಡಿಸುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಸಂಜೆಗೆ ಆ ಹೂವು ಯಾರಿಗೂ ಬೇಕಾಗಿರುವುದಿಲ್ಲ. ಹಿರಿಯರಿಗೆ ಅದು ತಿಳಿಯದೆಂದು ನಾವು ಭಾವಿಸುವುದೇ ಅವರಿಗೆ ಮಾಡುವ ಅಗೌರವ. ಕೌದಿಯನ್ನು ಹೊದೆಯಲು ಒಂದು ಜೀವ ಕಾದಿರುತ್ತದೆ. ಕಾಯಕದೊಡನೆ ದಾಸೋಹವನ್ನು ಶರಣರು ಜೋಡಿಸಿದ್ದರ ಮರ್ಮ, ನನಗೆ ತಿಳಿದಮಟ್ಟಿಗೆ, ಇಲ್ಲಿಯೇ ಇದೆ.

ಈಗ ಪಡಸಾಲೆಯಲ್ಲಿ ಏಳು ಜನ ಸೇರುತ್ತಾರೆ. ಅವರಲ್ಲೊಬ್ಬರು ನಿವೃತ್ತ ಮಾಸ್ತರರು. ಹೆಂಡತಿಯನ್ನು ಕಳೆದುಕೊಂಡ ಬಳಿಕ ಗುಡಿಯ ಕಟ್ಟೆಯ ಮೇಲೆ ಒಬ್ಬರೇ ಕುಳಿತಿರುತ್ತಿದ್ದರು. ಮೊದಮೊದಲು ಸೂಜಿಗೆ ದಾರ ಪೋಣಿಸಿಕೊಡಲು ಕರೆದರು. ಏಳು ಜನರಲ್ಲಿ ಅವರ ಕಣ್ಣೇ ಚುರುಕು. "ಹೆಂಗಸರ ಕೆಲಸ" ಎಂದು ಕಟ್ಟೆಯವರು ನಕ್ಕಾಗ ನಾನು ಸೂಜಿಕಾಯಕದ ರಾಮಿತಂದೆಯವರ ಹೆಸರು ಹೇಳಿದೆ. ಮಾಸ್ತರರಿಗೆ ಅದರ ಅಗತ್ಯವಿದ್ದಂತೆ ಕಾಣಲಿಲ್ಲ. ಆ ಹೊತ್ತಿಗಾಗಲೇ ಅವರು ಒಂದು ಅಂಚನ್ನು ತಾವೇ ಹಿಡಿದಿದ್ದರು.

ಕಳೆದ ವರ್ಷ ಹುಬ್ಬಳ್ಳಿಯ ಅಂಗಡಿಯವರೊಬ್ಬರು ಬಂದು ತಿಂಗಳಿಗೆ ಹತ್ತು ಕೌದಿ ಕೊಡಿ, ಒಳ್ಳೆಯ ಬೆಲೆ ಕೊಡುತ್ತೇವೆ ಎಂದರು. ಪಡಸಾಲೆಯಲ್ಲಿ ಎರಡು ದಿನ ಚರ್ಚೆ ನಡೆಯಿತು. ಹಣ ಮುಟ್ಟಬಾರದೆಂದು ಕೆಲವರೆಂದರು. ನನ್ನನ್ನೂ ಕೇಳಿದರು. ಕೂಲಿ ಪಡೆಯುವುದನ್ನು ಶರಣರು ಹೀನವೆಂದು ಬಗೆದವರಲ್ಲ, ಆದರೆ ಅಂದಿನ ಅವಶ್ಯಕತೆಗಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿ ಸುರಿದುಬರಲು ಆಯ್ದಕ್ಕಿ ಲಕ್ಕಮ್ಮನವರು ಪತಿಗೆ ಹೇಳಿದ ಕಥೆಯೂ ನಮ್ಮಲ್ಲಿದೆ ಎಂದೆ. ದೊಡ್ಡವ್ವ ತಮ್ಮದೇ ಲೆಕ್ಕ ಹಾಕಿದರು. ಏಳು ಜನರಲ್ಲಿ ಒಬ್ಬರಿಗೆ ಮಗನ ಆಸರೆಯಿಲ್ಲ, ಹೊಲವಿಲ್ಲ. ಹತ್ತಲ್ಲ, ತಿಂಗಳಿಗೆ ಎರಡು ಕೌದಿ ಅಂಗಡಿಗೆ. ಆ ಹಣ ಆಕೆಗೆ. ಉಳಿದವು ಎಂದಿನಂತೆ ತೊಟ್ಟಿಲುಗಳಿಗೆ.

ಬೆಂಗಳೂರಿನ ಮಗ ಇತ್ತೀಚೆಗೆ ನನಗೆ ಫೋನು ಮಾಡಿ, ಮಧ್ಯಾಹ್ನ ಎಷ್ಟು ಸಲ ಕರೆದರೂ ಅವ್ವ ಫೋನು ಎತ್ತುವುದಿಲ್ಲ, ಸ್ವಲ್ಪ ಹೇಳು ಎಂದು ದೂರಿದರು. ಹೇಳಿದೆ. "ಕೈ ಖಾಲಿ ಇರಂಗಿಲ್ಲಪಾ, ರಾತ್ರಿ ಮಾಡಂತ ಹೇಳು" ಎಂದರು ದೊಡ್ಡವ್ವ, ಕೌದಿಯಿಂದ ತಲೆ ಎತ್ತದೆ.