ಮುಂದಿನ ಗಾಲಿ, ಹಿಂದಿನ ಗಾಲಿ

ನಾನು 34 ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿ 2022ರಲ್ಲಿ ನಿವೃತ್ತನಾದವನು. ಸಂಧಿ ಸಮಾಸಗಳಲ್ಲಿ ಆಯುಷ್ಯವನ್ನು ಕಳೆದವನಿಗೆ ಮೋಟಾರಿನ ಟಯರುಗಳ ವಿಚಾರವೇಕೆಂದು ವಾಚಕರು ನಗಬಹುದು. ನಗಲಿ, ಆದರೆ ಕಾರನ್ನು ಇಟ್ಟುಕೊಂಡಿರುವ ಗೃಹಸ್ಥರು ಒಮ್ಮೆ ಇದನ್ನು ಕೇಳಬೇಕೆಂದು ನನ್ನ ಪ್ರಾರ್ಥನೆ.

ನಿವೃತ್ತಿಯ ಹಣದಿಂದ ಒಂದು ಹಳೆಯ ಚಿಕ್ಕ ಕಾರನ್ನು ಕೊಂಡಿದ್ದೆನು. 2023ರ ಜೂನ್ ತಿಂಗಳಲ್ಲಿ ಅದರ ಮುಂದಿನ ಎರಡು ಟಯರುಗಳೂ ಸವೆದುಹೋದುವು. ನಾಲ್ಕನ್ನೂ ಬದಲಿಸಲು ಕೈ ಬರಲಿಲ್ಲ. ಹಿಂದಿನವುಗಳ ಗೀರುಗಳಲ್ಲಿ ಇನ್ನೂ 3 ಮಿಲಿಮೀಟರು ಆಳವಿದ್ದಿತು. ಕಾನೂನು ಕೇಳುವುದು 1.6 ಮಾತ್ರ. ಆದುದರಿಂದ ಅದೇ ಅಳತೆಯ, ಬೇರೆ ಕಂಪನಿಯ ಎರಡು ಹೊಸ ಟಯರುಗಳನ್ನು ಕೊಂಡೆನು. ಅಂಗಡಿಯ ಹುಡುಗನು, "ಹೊಸವು ಹಿಂದಕ್ಕಿರಲಿ ಸಾರ್, ಹಿಂದಿನವನ್ನು ಮುಂದಕ್ಕೆ ತರೋಣ" ಎಂದನು. ನಾನು ನಕ್ಕು, "ಗಾಡಿಯನ್ನು ಎಳೆಯುವುವೂ ಮುಂದಿನ ಗಾಲಿಗಳು, ತಿರುಗಿಸುವುವೂ ಅವೇ. ಒಳ್ಳೆಯದನ್ನು ಹಿಂದಕ್ಕೆ ಹಾಕುವುದುಂಟೇ?" ಎಂದೆನು. ಅವನು ಸುಮ್ಮನಾದನು. ‘ಏಕೆ’ ಎಂದು ಕೇಳಬೇಕೆಂದು ಅಷ್ಟೊಂದು ಮಕ್ಕಳಿಗೆ ಹೇಳಿಕೊಟ್ಟ ನಾನು ಅವನನ್ನು ‘ಏಕೆ’ ಎಂದು ಕೇಳಲಿಲ್ಲ.

ಆಷಾಢದಲ್ಲಿ ಮನೆಯಾಕೆಯನ್ನೂ ಆರು ವರ್ಷದ ಮೊಮ್ಮಗಳನ್ನೂ ಹಿಂದಿನ ಆಸನದಲ್ಲಿ ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಟೆನು. ಕೊಟ್ಟಿಗೆಹಾರವನ್ನು ದಾಟಿ ಚಾರ್ಮಾಡಿ ಘಟ್ಟವನ್ನು ಇಳಿಯುವಾಗ ಮಳೆ ಧಾರಾಕಾರವಾಗಿ ಸುರಿಯುತ್ತಿದ್ದಿತು. ಒಂದು ತಿರುವಿನಲ್ಲಿ ಬ್ರೇಕನ್ನು ಒತ್ತಿದೆನು. ಮುಂದಿನ ಗಾಲಿಗಳು ನೆಲವನ್ನು ಕಚ್ಚಿದುವು. ಹಿಂಭಾಗವು ಹೊರಕ್ಕೆ ಜಾರಿತು. ಗಾಡಿಯು ಅರ್ಧ ಸುತ್ತು ತಿರುಗಿ, ಬಂದ ದಾರಿಗೇ ಮುಖಮಾಡಿ, ಕಣಿವೆಯ ಬದಿಯ ತಡೆಗೋಡೆಗೆ ತಾಗಿ ನಿಂತಿತು. ಆ ಕ್ಷಣದಲ್ಲಿ ಎದುರಿನಿಂದ ಯಾವ ಬಸ್ಸೂ ಬರಲಿಲ್ಲವೆಂಬುದೇ ನಮ್ಮ ಪುಣ್ಯ. ಮಗುವು, "ತಾತ, ಮನೆಗೆ ವಾಪಸು ಹೋಗುತ್ತೇವೆಯೇ?" ಎಂದು ಕೇಳಿತು. ಮನೆಯಾಕೆ ಏನನ್ನೂ ಹೇಳಲಿಲ್ಲ. ಮಗುವನ್ನು ಅಪ್ಪಿಕೊಂಡಿದ್ದ ಅವಳ ಕೈಗಳು ಬಹಳ ಹೊತ್ತು ಸಡಿಲಲಿಲ್ಲ.

ಮರುವಾರ ಅದೇ ಅಂಗಡಿಗೆ ಹೋಗಿ, ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆನು. ಹುಡುಗನು ಬೇಸರಿಸದೆ ವಿವರಿಸಿದನು. ಹೊಸ ಟಯರಿನ ಗೀರು ಸುಮಾರು 8 ಮಿಲಿಮೀಟರು ಆಳವಿದ್ದು ನೀರನ್ನು ಹೊರದೂಡುತ್ತದೆ. ಸವೆದದ್ದು ನೀರಿನ ಮೇಲೆ ತೇಲುತ್ತದೆ. ಮುಂದಿನ ಗಾಲಿ ಜಾರಿದರೆ ಗಾಡಿಯು ತಿರುಗದೆ ನೇರವಾಗಿ ಸಾಗುತ್ತದೆ. ವೇಗವನ್ನು ತಗ್ಗಿಸಿದರೆ ಸಾಮಾನ್ಯ ಚಾಲಕನೂ ಅದನ್ನು ಹಿಡಿತಕ್ಕೆ ತಂದುಕೊಳ್ಳಬಹುದು. ಹಿಂದಿನದು ಜಾರಿದರೆ ಗಾಡಿಯೇ ಬುಗುರಿಯಾಗುತ್ತದೆ. ಇಳಿಜಾರಿನಲ್ಲಿ ಬ್ರೇಕು ಹಾಕಿದಾಗ ಭಾರವು ಮುಂದಕ್ಕೆ ವಾಲಿ ಹಿಂಭಾಗವು ಹಗುರವಾಗುವುದರಿಂದ ಅಪಾಯವು ಇಮ್ಮಡಿ. ಒಂದೊಂದು ಕಂಪನಿಯ ರಬ್ಬರಿನ ಪಾಕವೂ ಗೀರಿನ ವಿನ್ಯಾಸವೂ ಬೇರೆಯಾದುದರಿಂದ, ಅಳತೆ ಒಂದೇ ಆದರೂ ಹಿಡಿತವು ಒಂದೇ ಆಗಿರುವುದಿಲ್ಲ. ಎರಡು ಕಂಪನಿಗಳ ಟಯರುಗಳಲ್ಲಿಯೂ ದೋಷವಿರಲಿಲ್ಲ. ದೋಷವಿದ್ದದ್ದು ನನ್ನ ಜೋಡಣೆಯಲ್ಲಿ.

ಹಿಂದಿರುಗುವಾಗ ನನ್ನ ವ್ಯಾಕರಣವು ನೆನಪಾಯಿತು. ಒಂದೇ ಅಚ್ಚಿನ ಎರಡು ಗಾಲಿಗಳು ದ್ವಂದ್ವಸಮಾಸದಂತೆ. ಉಭಯ ಪದಗಳಿಗೂ ಪ್ರಾಧಾನ್ಯ. ಅಲ್ಲಿ ಕಂಪನಿ, ವಿನ್ಯಾಸ, ಸವೆತ ಎಲ್ಲವೂ ಸಮನಾಗಿರತಕ್ಕದ್ದು. ರೇಡಿಯಲ್ ಟಯರಿನ ಜೊತೆಗೆ ಹಳೆಯ ಅಡ್ಡನೂಲಿನ ಟಯರನ್ನಂತೂ ಕೂಡಿಸಲೇಬಾರದು. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಇರುವ ಸಂಬಂಧವು ತತ್ಪುರುಷದ್ದು, ಉತ್ತರಪದವೇ ಪ್ರಧಾನ. ನಾಲ್ಕೂ ಒಂದೇ ಬಗೆಯವಾದರೆ ಉತ್ತಮ. ಆಗದಿದ್ದರೆ ಅಳತೆಯೂ ಜಾತಿಯೂ ಒಂದಾಗಿರುವ ಜೋಡಿಯನ್ನು ಕೊಂಡು, ಹೆಚ್ಚು ಹಿಡಿತವುಳ್ಳದ್ದನ್ನು ಹಿಂದಕ್ಕೆ ಹಾಕಬೇಕು. ನಾನಾದರೋ ಪೂರ್ವಪದವೇ ಪ್ರಧಾನವೆಂದು ಅವ್ಯಯೀಭಾವದ ಲೆಕ್ಕ ಹಾಕಿದ್ದೆನು!

ಆ ದಿನವೇ ಹೊಸ ಟಯರುಗಳು ಹಿಂದಕ್ಕೆ ಹೋದುವು. ಮುಂದಕ್ಕೆ ಬಂದ ಹಳೆಯವು ಮರುವರ್ಷ ಸವೆದಾಗ, ಹಿಂದಿದ್ದವುಗಳ ಕಂಪನಿಯ ಟಯರುಗಳನ್ನೇ ಕೊಂಡೆನು. ಈಗಲೂ ದೂರದ ಪ್ರಯಾಣಕ್ಕೆ ಹೊರಡುವ ಮುನ್ನ ಮನೆಯಾಕೆಯದು ಒಂದೇ ಪ್ರಶ್ನೆ: "ಆ ಹುಡುಗನನ್ನು ಕೇಳಿದಿರಾ?" ಕೇಳಿದ ಮೇಲೆಯೇ ಹೊರಡುತ್ತೇನೆ.